ಹಗ್ಗದಣ್ಣನೂ ನೀರಿನ ಗೆರೆಯೂ

ನನ್ನ ತಮ್ಮನನ್ನು ಅವನ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಕಾಡಿನ ಕ್ಯಾಂಪಿಗೆ ಕುದುರೆ ತರುವವರೆಲ್ಲ ಅವನನ್ನು ಹಗ್ಗದಣ್ಣ ಎನ್ನುತ್ತಾರೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ. ನಾನು ಅವನಿಗಿಂತ ಏಳು ವರ್ಷ ದೊಡ್ಡವಳು. ನಮ್ಮ ಮನೆಯವರು ತೀರಿಕೊಂಡ ಮೇಲೆ ಇವನ ಜೊತೆಗೇ ಇದ್ದೇನೆ. ಕ್ಯಾಂಪಿನ ಗೇಟಿನ ಪಕ್ಕದಲ್ಲಿ ಎರಡು ಕೋಣೆಯ ಮರದ ಮನೆ. ಒಂದರಲ್ಲಿ ಒಲೆ ಮತ್ತು ನನ್ನ ಮಂಚ. ಇನ್ನೊಂದರಲ್ಲಿ ಅವನು, ಅವನ ಹಗ್ಗಗಳು, ಲಾಳದ ಪೆಟ್ಟಿಗೆ.

ಅವನು ಇಪ್ಪತ್ತೆರಡು ವರ್ಷ ಸವಾರಿ ಶಾಲೆಯೊಂದರಲ್ಲಿ ಕುದುರೆಗಳಿಗೆ ಲಾಳ ಹೊಡೆದವನು. ಒಂದು ದಿನ ಒಂದು ಮರಿಗುದುರೆ ಸೊಂಟಕ್ಕೆ ಒದೆಯಿತು. ಆರು ತಿಂಗಳು ಹಾಸಿಗೆ ಹಿಡಿದ. ಎದ್ದಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಬಗ್ಗಿ ಗೊರಸು ಹಿಡಿಯುವ ಕೆಲಸ ಇನ್ನಾಗದು ಎಂದಾಗ, ಕಾಡಿನ ಆಫೀಸಿನವರು ಈ ಕ್ಯಾಂಪನ್ನು ನೋಡಿಕೊಳ್ಳಲು ಕರೆದರು. ಮದುವೆಯ ಮಾತು ಎತ್ತಿದಾಗಲೆಲ್ಲ, "ಮೈಯಿಂದ ಲದ್ದಿ ವಾಸನೆ ಹೋಗ್ಲಿ ಅಕ್ಕ, ಆಮೇಲೆ ನೋಡೋಣ" ಎನ್ನುತ್ತಿದ್ದ. ವಾಸನೆ ಹೋಗಲಿಲ್ಲ, ಮದುವೆಯೂ ಆಗಲಿಲ್ಲ.

ಕ್ಯಾಂಪು ಎಂದರೆ ದೊಡ್ಡದೇನಲ್ಲ. ಮರಗಳ ನಡುವೆ ಡೇರೆ ಹಾಕಲು ಹನ್ನೆರಡು ಜಾಗ, ಕಲ್ಲು ಜೋಡಿಸಿದ ಬೆಂಕಿಗುಂಡಿಗಳು, ಎರಡು ಪಾಯಿಖಾನೆ, ಒಂದು ಕೈಪಂಪು, ಕುದುರೆಗಳಿಗೆ ಒಂದು ನೀರಿನ ತೊಟ್ಟಿ. ಕರೆಂಟಿಲ್ಲ. ಫೋನು ಹಿಡಿಯಬೇಕೆಂದರೆ ಗೇಟಿನಾಚೆಯ ದಿಣ್ಣೆ ಹತ್ತಬೇಕು. ಅಲ್ಲಿಂದ ಕಾಡಿನೊಳಗೆ ಸವಾರಿಯ ದಾರಿಗಳು ಮೂರು ಕವಲಾಗಿ ಹೋಗುತ್ತವೆ. ಜನ ಕುದುರೆಯನ್ನು ಗಾಡಿಯಲ್ಲಿ ತರುತ್ತಾರೆ, ಹಗಲೆಲ್ಲ ಸುತ್ತಾಡುತ್ತಾರೆ, ಸಂಜೆ ಬಂದು ಕಟ್ಟುತ್ತಾರೆ.

ಆ ಕಟ್ಟುವುದರಿಂದಲೇ ಇವನಿಗೆ ಈ ಹೆಸರು ಬಂದದ್ದು. ಎರಡು ಮರಗಳ ನಡುವೆ, ಕುದುರೆಯ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು, ಅದಕ್ಕೆ ಕುದುರೆಗಳನ್ನು ಸಾಲಾಗಿ ಕಟ್ಟಬೇಕು. ತೊಗಟೆಗೆ ಗಾಯವಾಗದಂತೆ ಮರಕ್ಕೆ ಮೊದಲು ಅಗಲ ಪಟ್ಟಿ ಸುತ್ತಬೇಕು. ಯಾರು ಎಷ್ಟೇ ಬಿಗಿಯಾಗಿ ಕಟ್ಟಿರಲಿ, ಇವನು ಹೋಗಿ ಜೋತುಬಿದ್ದು ನೋಡುವನು. ಸ್ವಲ್ಪ ಜಗ್ಗಿದರೂ ಬಿಚ್ಚಿ ಹೊಸದಾಗಿ ಕಟ್ಟುವನು. "ಹಗ್ಗದಣ್ಣ, ನಿಂಗೆ ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದರೆ, "ನಿಮ್ಮ ಮೇಲಿದೆ, ನಿಮ್ಮ ಗಂಟಿನ ಮೇಲಿಲ್ಲ" ಎನ್ನುವನು.

ಇವನದೇ ಇನ್ನೊಂದು ಪದ್ಧತಿ ಇತ್ತು. ಕುದುರೆ ಹೊಸ ಜಾಗದ ನೀರನ್ನು ಬೇಗ ಮುಟ್ಟುವುದಿಲ್ಲ. ಎದುರಿಗೆ ನಿಂತು ನೋಡಿದರೆ ಇನ್ನೂ ಬಿಗುಮಾನ. ಆದ್ದರಿಂದ ಸಂಜೆ ತೊಟ್ಟಿಗೆ ನೀರು ತುಂಬಿ, ನೀರು ನಿಂತ ಮಟ್ಟದಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ. ಬೆಳಿಗ್ಗೆ ಗೆರೆಯಿಂದ ನೀರು ಎಷ್ಟು ಇಳಿದಿದೆ ಎಂದು ಗೇಣಿನಲ್ಲಿ ಅಳೆಯುತ್ತಿದ್ದ. ಕುದುರೆ ಕುಡಿದಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಕಳೆದ ಬೇಸಿಗೆಯ ಕೊನೆಯಲ್ಲಿ ಬೇಕರಿಯವಳು ಬಂದಳು. ಪ್ರತಿ ವರ್ಷವೂ ಬರುತ್ತಾಳೆ, ಆರು ವರ್ಷದಿಂದ. ನಲವತ್ತು ದಾಟಿದ ಹೆಂಗಸು, ಒಂಟಿ. ನಸುಕಿಗೆ ಮುಂಚೆ ಎದ್ದು ಹಿಟ್ಟು ನಾದುವ ಕೈ. ಕೈ ಹಿಡಿದರೆ ನನ್ನ ಬೆರಳು ಹಿಂಡಿದಂತಾಗುತ್ತದೆ. ಅವಳ ಹೆಣ್ಣು ಕುದುರೆಗೆ ಬೂದಿ ಎಂದು ಹೆಸರು, ಬಣ್ಣವೂ ಅದೇ. ಗಂಡ ಬಿಟ್ಟುಹೋದ ವರ್ಷವೇ ಅದನ್ನು ತಂದದ್ದಂತೆ. "ಒಂದು ಹೋಯ್ತು, ಒಂದು ಬಂತು. ಇದಕ್ಕಾದ್ರೆ ಒದೆಯೋಕೆ ಮುಂಚೆ ಕಿವಿ ಹಿಂದಕ್ಕೆ ಮಡಚೋ ಮರ್ಯಾದೆ ಇದೆ" ಎಂದು ನಗುತ್ತಿದ್ದಳು.

ಆ ವಾರ ಕ್ಯಾಂಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಕುದುರೆ ಇದ್ದಾಗ ಹಗ್ಗದ ಗೋಜಿಲ್ಲ; ತೊಟ್ಟಿಯಿರುವ ಸಣ್ಣ ಬೇಲಿಯೊಳಗೆ ಬಿಟ್ಟರಾಯಿತು. ಹಾಗೇ ಬಿಟ್ಟರು.

ಅವಳು ಬರುವ ಹಿಂದಿನ ದಿನ ಕಾಡಿನ ಆಫೀಸಿನಿಂದ ಮೇಲಿನವರು ಬಂದು, ತೊಟ್ಟಿಯಲ್ಲಿ ಪಾಚಿ ಕಟ್ಟಿದೆ ಎಂದು ಮೂಗು ಮುರಿದು ಹೋಗಿದ್ದರು. ನನ್ನ ತಮ್ಮನಿಗೆ ಅದು ಚುಚ್ಚಿತು. ತಳದ ಬಿರಡೆ ಕಿತ್ತು ನೀರು ಬಿಟ್ಟು, ಬ್ಲೀಚಿಂಗ್ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಅರ್ಧ ದಿನ ಉಜ್ಜಿದ. ಮೂರು ಸಲ ತೊಳೆದ. "ಬಾ ಅಕ್ಕ, ಮುಖ ನೋಡ್ಕೋಬಹುದು" ಎಂದು ನನ್ನನ್ನು ಕರೆದು ತೋರಿಸಿದ. ನಾನು ಮೂಸಿ ನೋಡಿದೆ. ನನಗೇನೂ ವಾಸನೆ ಬರಲಿಲ್ಲ.

ಮಾರನೆಯ ಸಂಜೆ, ಬೂದಿ ಬಂದ ಮೇಲೆ, ಗೆರೆ ಎಳೆದ. ಬೆಳಿಗ್ಗೆ ನೀರು ಒಂದು ಗೇಣು ಇಳಿದಿತ್ತು. "ನಿನ್ನ ಮಗಳು ಚೆನ್ನಾಗಿ ಕುಡಿದಿದ್ದಾಳೆ, ಧೈರ್ಯವಾಗಿ ಹೊರಡು" ಎಂದು ಬೇಕರಿಯವಳಿಗೆ ಹೇಳಿದ. ಅವಳು ಜೀನು ಬಿಗಿದು ದೂರದ ದಾರಿ ಹಿಡಿದಳು. ಸಂಜೆ ನಾಲ್ಕಕ್ಕೆ ಬಂದರು, ಇಬ್ಬರ ಮೈಯೂ ಬೆವರು.

"ದಾರೀಲಿ ನೀರು ಕುಡಿಸಿದ್ಯಾ?" ಎಂದು ನನ್ನ ತಮ್ಮ ಕೇಳಿದ.

"ಎಲ್ಲಿ ಅಣ್ಣ, ಹಳ್ಳ ಪೂರ್ತಿ ಒಣಗಿ ಬರೀ ಕಲ್ಲಾಗಿದೆ."

"ಪರವಾಗಿಲ್ಲ ಬಿಡು, ತೊಟ್ಟಿ ಇದೆಯಲ್ಲ."

ಬೇಲಿಯೊಳಗೆ ಬಿಟ್ಟಾಗ ಬೂದಿ ತೊಟ್ಟಿಗೆ ಮೂತಿ ತಂದಿತು, ಮೇಲಿನ ತುಟಿ ಮಡಚಿತು, ಆಚೆ ತಿರುಗಿತು. ನಾನು ಒಲೆಗೆ ಸೌದೆ ಆರಿಸುತ್ತ ಅದನ್ನು ಕಂಡೆ. ಆಮೇಲೆ ಕುಡಿಯಬಹುದು ಎಂದುಕೊಂಡೆ. ತಮ್ಮ ಲದ್ದಿ ಎತ್ತಲು ಹೋದ. ಎರಡೇ ಎರಡು ಗುಪ್ಪೆ ಇತ್ತು, ಚಿಕ್ಕದು. ಬೂಟಿನಿಂದ ಒಂದು ಉಂಡೆ ಒಡೆದ. ಒಳಗೆ ಒಣಗಿದ ಹುಲ್ಲಿನಂತಿತ್ತು. ಇನ್ನೊಂದು ಒಡೆದ. ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ತೊಟ್ಟಿಯ ಗೆರೆ ನೋಡಿದ. ಬೆಳಿಗ್ಗೆ ತುಂಬಿದ್ದು ಮತ್ತೆ ಇಳಿದಿತ್ತು; ಬಂದೊಡನೆ ಕುಡಿದಿರಬೇಕು ಎಂದುಕೊಂಡ. ಲದ್ದಿಯ ಗಮೇಲ ಎತ್ತಿಕೊಂಡು ಬಂದುಬಿಟ್ಟ.

ಲದ್ದಿ ಒಣಗಿದ್ದರೆ ಕುದುರೆ ನೀರು ಮುಟ್ಟಿಲ್ಲವೆಂದು ಓದಲು ಬಾರದವನಲ್ಲ ನನ್ನ ತಮ್ಮ. ಅವತ್ತು ಕಣ್ಣೆದುರಿಗಿದ್ದ ಲದ್ದಿಗಿಂತ ತಾನು ಎಳೆದ ಗೆರೆ ಅವನಿಗೆ ಹೆಚ್ಚಾಯಿತು.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಬೇಕರಿಯವಳ ಕೂಗು ಕೇಳಿ ನಾವಿಬ್ಬರೂ ಓಡಿದೆವು. ಬೂದಿ ಮಲಗಿತ್ತು. ಎದ್ದಿತು, ಹೊಟ್ಟೆಯ ಕಡೆ ತಿರುಗಿ ನೋಡಿತು, ಕಾಲಿನಿಂದ ನೆಲ ಕೆರೆದು ಮತ್ತೆ ಮಲಗಲು ಮಂಡಿ ಮಡಚಿತು. ರಾತ್ರಿ ಹಾಕಿದ ಹುಲ್ಲು ಹಾಗೇ ಇತ್ತು.

"ಮಲಗೋಕೆ ಬಿಡ್ಬೇಡ! ಎಬ್ಸು, ನಡೆಸು!" ತಮ್ಮ ಹಗ್ಗ ಹಿಡಿದ. ಪಕ್ಕೆಗೆ ಕಿವಿಯಿಟ್ಟ. ಕುದುರೆಯ ಹೊಟ್ಟೆ ಸುಮ್ಮನಿರುವುದಿಲ್ಲವಂತೆ, ಸದಾ ಗುಡುಗುಡು ಎನ್ನುತ್ತಿರಬೇಕಂತೆ. ಈ ಪಕ್ಕ ಕೇಳಿದ, ಆ ಪಕ್ಕ ಕೇಳಿದ. ಎರಡೂ ಕಡೆ ಸದ್ದೇ ಇರಲಿಲ್ಲ.

"ದಿಣ್ಣೆ ಹತ್ತಿ ಡಾಕ್ಟ್ರಿಗೆ ಫೋನ್ ಮಾಡಮ್ಮ. ಓಡು."

ಅವಳು ಚಪ್ಪಲಿಯೂ ಇಲ್ಲದೆ ಓಡಿದಳು. ಬಂದಾಗ ಉಸಿರು ಸಿಗುತ್ತಿರಲಿಲ್ಲ. "ಬರೋಕೆ ಇನ್ನೂ ಮೂರು ಗಂಟೆ ಹೊತ್ತು ಆಗುತ್ತಂತೆ. ಎಲ್ಲೋ ಹಸು ಈಯ್ತಿದೆಯಂತೆ, ಕೈ ಒಳಗೇ ಇದೆಯಂತೆ. ಗಾಡೀಲಿ ತರ್ಲಾ ಅಂದೆ. ಬೇಡವೇ ಬೇಡ, ಆ ರಸ್ತೇಲಿ ಒಳಗೇ ಬಿದ್ದುಬಿಡುತ್ತೆ ಅಂದ್ರು. ಅಲ್ಲೀವರೆಗೂ ನಡೆಸ್ತಾ ಇರಿ ಅಂದ್ರು. ಅಷ್ಟೇ ಅಣ್ಣ. ನಡೆಸ್ತಾ ಇರೋದಷ್ಟೇ ಅಂತೆ."

ನಡೆಸಿದರು. ಒಂದು ಪಕ್ಕ ಅವಳು, ಒಂದು ಪಕ್ಕ ಕಾಲೆಳೆಯುವ ನನ್ನ ತಮ್ಮ. ಬೇಲಿಯ ಸುತ್ತ, ಬೆಂಕಿಗುಂಡಿಗಳ ಸುತ್ತ, ಮತ್ತೆ ಬೇಲಿಯ ಸುತ್ತ. ಅವಳು ಕುದುರೆಯ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. "ನೋಡು, ಮನೆಗೆ ಹೋದ್ಮೇಲೆ ಕ್ಯಾರೆಟ್ಟು. ಬರೀ ಕ್ಯಾರೆಟ್ಟು. ಹುಲ್ಲು ಹಾಕಿದ್ರೆ ನನ್ನ ಕೇಳು." ನಡುವೆ ನನ್ನ ತಮ್ಮನಿಗೆ, "ಅಣ್ಣ, ನೀರು ಚೆನ್ನಾಗಿ ಕುಡಿದಿದ್ದಾಳಲ್ಲ, ಅದೊಂದು ಒಳ್ಳೇದಾಯ್ತು ಅಲ್ವಾ?" ಎಂದಳು. ಅವನು ಹೂಂ ಎಂದ.

ಬೂದಿಯ ಕುತ್ತಿಗೆ ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಬರೋಣವೆಂದು ನಾನು ತೊಟ್ಟಿಗೆ ಹೋದೆ. ಅದರ ಹಿಂಬದಿ, ಯಾರೂ ಹೋಗದ ಕಡೆ, ನೆಲ ಕೆಸರಾಗಿತ್ತು. ಕೆಸರಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿದ್ದವು. ಎರಡು ತಿಂಗಳಿಂದ ಮಳೆಯಿಲ್ಲ. ಬಗ್ಗಿ ನೋಡಿದೆ. ತಳದ ಬಿರಡೆಯ ಸಂದಿನಿಂದ ನೀರು ದಾರದಂತೆ ಇಳಿಯುತ್ತಿತ್ತು. ಉಜ್ಜಿ ತೊಳೆದ ದಿನ ಕಿತ್ತು ಮತ್ತೆ ಹೊಡೆದ ಬಿರಡೆ ಅದು.

ತಮ್ಮ ಸುತ್ತು ಮುಗಿಸಿ ಹತ್ತಿರ ಬಂದಾಗ ಹಗ್ಗ ಅವಳ ಕೈಗೆ ಕೊಡಿಸಿ, ಅವನನ್ನು ಕರೆದು ತೋರಿಸಿದೆ. ಅವನು ಬಿರಡೆ ಮುಟ್ಟಿದ. ಒದ್ದೆ ಬೆರಳನ್ನು ನೋಡಿಕೊಂಡ.

"ಎರಡು ದಿನದಿಂದ ಅದು ಒಂದು ಹನೀನೂ ಕುಡಿದಿಲ್ಲ ಅಕ್ಕ" ಎಂದ.

"ಹೋಗಿ ಅವಳಿಗೆ ಹೇಳಿಬಿಡೋ."

"ಡಾಕ್ಟ್ರು ಬರ್ಲಿ."

"ಈಗ್ಲೇ ಹೇಳು."

"ಬರ್ಲಿ ಅಂದ್ನಲ್ಲ ಅಕ್ಕ."

ಪಂಪಿನಿಂದ ಹೊಸ ನೀರು ಹೊಡೆದು, ಬಕೆಟ್ಟಿಗೆ ಸೇಬಿನ ಹೋಳು ಹಾಕಿ ಬೂದಿಯ ಮೂತಿಯ ಕೆಳಗೆ ಹಿಡಿದ. ತುಟಿಗೆ ನೀರು ಹಚ್ಚಿದ. ಅದಕ್ಕೆ ಆಗ ಯಾವ ನೀರೂ ಬೇಕಿರಲಿಲ್ಲ. "ಈಗ್ಯಾಕಣ್ಣ ಬಕೆಟ್ಟು?" ಎಂದಳು ಬೇಕರಿಯವಳು. "ಸುಮ್ಮನೆ" ಎಂದ. ಮತ್ತೆ ಹಗ್ಗ ಹಿಡಿದು ನಡೆದ. ನಾನು ಬಾಯಿ ಬಿಡಬಹುದಿತ್ತು. ಅವನೇ ಹೇಳಲಿ ಎಂದು ಕಾದೆ. ಅವನು ಪ್ರತಿ ಸುತ್ತಿಗೂ ಬಾಯಿ ತೆರೆಯುತ್ತಿದ್ದ; ಅವಳು ಅವನ ಮುಖ ನೋಡಿದೊಡನೆ "ಹೈ, ಹೈ" ಎಂದು ಕುದುರೆಯ ಕಡೆ ತಿರುಗುತ್ತಿದ್ದ.

ಡಾಕ್ಟರಮ್ಮ ಬಂದಾಗ ಮಧ್ಯಾಹ್ನ ಒಂದಾಗಿತ್ತು. ಮೊಣಕೈವರೆಗೂ ಹಸುವಿನ ರಕ್ತ ಒಣಗಿತ್ತು. ಬೂದಿ ಆಗ ನಡೆಯುತ್ತಿರಲಿಲ್ಲ, ನಾವು ಎಳೆಯುತ್ತಿದ್ದೆವು. ಒಸಡು ನೋಡಿದರು, ಕಿವಿಗೆ ಕೊಳವೆ ಹಾಕಿಕೊಂಡು ಹೊಟ್ಟೆ ಕೇಳಿದರು, ಕೈಗವಸು ಹಾಕಿ ಒಳಗೆ ಪರೀಕ್ಷೆ ಮಾಡಿದರು.

"ನೀರು ಎಷ್ಟು ಕುಡಿದಿದೆ?"

"ಚೆನ್ನಾಗಿ ಕುಡಿದಿದ್ದಾಳೆ ಡಾಕ್ಟ್ರೇ" ಎಂದಳು ಬೇಕರಿಯವಳು. "ಹಗ್ಗದಣ್ಣ ದಿನಾ ಗೆರೆ ನೋಡಿದ್ದಾನೆ."

"ಇಲ್ಲ" ಎಂದ ನನ್ನ ತಮ್ಮ.

ಇಬ್ಬರೂ ಅವನ ಕಡೆ ತಿರುಗಿದರು.

"ತೊಟ್ಟಿ ಸೋರ್ತಾ ಇತ್ತು. ಅದು ಕುಡಿದಿಲ್ಲ. ಬ್ಲೀಚಿಂಗ್ ಹಾಕಿ ತೊಳೆದಿದ್ದೆ, ಆ ವಾಸನೆಗೆ ಮುಟ್ಟಿಲ್ಲ. ಸೋರಿದ್ದನ್ನ ಕುಡಿದದ್ದು ಅಂದ್ಕೊಂಡೆ."

ಬೇಕರಿಯವಳು ಕುದುರೆಯ ಕುತ್ತಿಗೆಯಿಂದ ಕೈ ತೆಗೆದಳು. "ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ. ಹತ್ತು ಗಂಟೆಗೆ."

"ಹತ್ತು ಗಂಟೆಯಿಂದ ನನ್ನ ಪಕ್ಕದಲ್ಲೇ ಸುತ್ತು ಹಾಕ್ತಿದ್ದೆಯಲ್ಲ ಅಣ್ಣ."

ಅವನು ಡಾಕ್ಟರಮ್ಮನ ಕಡೆ ತಿರುಗಿ, "ಹತ್ತಕ್ಕೇ ಫೋನಲ್ಲಿ ಹೇಳಿದ್ರೆ ಏನಾದ್ರೂ ಆಗ್ತಿತ್ತಾ ಡಾಕ್ಟ್ರೇ?" ಎಂದು ಕೇಳಿದ. ಆಗುತ್ತಿತ್ತು ಎಂದಿದ್ದರೂ, ಆಗುತ್ತಿರಲಿಲ್ಲ ಎಂದಿದ್ದರೂ ಅವನು ಹೇಗೋ ಹೊರುತ್ತಿದ್ದ. ಆಕೆ ಕೈ ತೊಳೆಯುತ್ತ, "ಹೇಳೋಕಾಗಲ್ಲ" ಎಂದರು.

ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ, ನೀರು ಹೊಯ್ದರು. ಹೊಯ್ದದ್ದೆಲ್ಲ ಹಿಂದಕ್ಕೆ ಬಂತು. ಗಟ್ಟಿಯಾದ ಲದ್ದಿಯ ಭಾರಕ್ಕೆ ಕರುಳು ಹೊರಳಿಕೊಂಡಿದೆ, ಕೊಯ್ಯುವ ಆಸ್ಪತ್ರೆ ಆರು ಗಂಟೆ ದೂರ, ಇದು ಆರು ನಿಮಿಷ ನಿಲ್ಲುವುದೂ ಕಷ್ಟ, ನೋವಿನಲ್ಲಿ ಇಡುವುದೋ ಬಿಡುವುದೋ ನೀವೇ ಹೇಳಬೇಕು ಎಂದರು. ಬೇಕರಿಯವಳು ಕುದುರೆಯ ಹಣೆಗೆ ಹಣೆ ಒತ್ತಿ ನಿಂತಳು. ಆಮೇಲೆ, ಬಿಟ್ಟುಬಿಡಿ ಎಂಬಂತೆ ತಲೆಯಾಡಿಸಿದಳು. ಸೂಜಿ ಹಾಕುವಾಗ ಹಗ್ಗ ಹಿಡಿಯಲು ನನ್ನ ತಮ್ಮ ಮುಂದೆ ಬಂದ.

"ಬೇಡ" ಎಂದಳು. "ಅಕ್ಕ ಹಿಡೀಲಿ."

ನಾನು ಹಿಡಿದೆ. ಬೂದಿ ಮೊದಲು ಹಿಂಗಾಲು ಮಡಚಿತು, ಆಮೇಲೆ ಪೂರ್ತಿ. ಹಗ್ಗ ನನ್ನ ಕೈಯಿಂದ ಜಾರಿತು.

ಕಾಡಿನೊಳಗೆ ಹೂಳುವಂತಿಲ್ಲ, ಆಫೀಸಿನ ನಿಯಮ. ಲಾರಿ ಬರುವುದು ಮಾರನೆಯ ದಿನ ಎಂದರು. ಬೇಕರಿಯವಳು ತನ್ನ ಡೇರೆಯನ್ನೇ ಕಿತ್ತು ಬೂದಿಯ ಮೇಲೆ ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟಳು. ನನ್ನ ತಮ್ಮ ಕಲ್ಲು ತಂದು ಸ್ವಲ್ಪ ದೂರದಲ್ಲಿ ಇಡುತ್ತಿದ್ದ. ಅವಳು ಅವನನ್ನು ನೋಡದೆ ಎತ್ತಿಕೊಳ್ಳುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೂದಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ತಮ್ಮ ಒಳಗೆ ಬಂದ. ಕುರ್ಚಿಯಲ್ಲಿ ಕೂತ, ಎದ್ದ, ಮತ್ತೆ ಕೂತ.

"ಅಕ್ಕ, ಏನಾದ್ರೂ ಕೆಲ್ಸ ಕೊಡು."

ನಾನು ಸುತ್ತ ನೋಡಿದೆ. ಸೌದೆ ಒಡೆದಿತ್ತು. ನೀರು ತುಂಬಿತ್ತು. ಹಗ್ಗಗಳೆಲ್ಲ ಸುತ್ತಿ ಮೊಳೆಗೆ ನೇತುಹಾಕಿತ್ತು. ಹೋಗಿ ಬೇಲಿಯೊಳಗಿನ ಲದ್ದಿ ಎತ್ತು ಎನ್ನೋಣವೆಂದರೆ, ಎತ್ತಲು ಲದ್ದಿಯೂ ಇರಲಿಲ್ಲ.

"ಕೂತ್ಕೋ" ಎಂದೆ. ಅವನು ಆಗಲೇ ಕೂತಿದ್ದ.