ಮೇಷ್ಟ್ರು ಎಮ್ಮೆಯನ್ನು ವಿಚಾರಿಸಿದರು

“ಅಜ್ಜೀ, ಎಮ್ಮೆ ಮೇವು ತಿಂತಾ ಅಂತ ನಮ್ ಸರ್ ಕೇಳವ್ರೆ! ಇನ್ ಕಾಲೇಜಿಗೆ ಹೆಂಗೋಗ್ಲಿ ನಾನು?”

ಮೊಮ್ಮಗಳು ಸಿಂಚನ ಫೋನು ಹಿಡಿದು ಕೂಗಿದಾಗ ಅವರೆಕಾಯಿ ಸುಲಿಯುತ್ತಿದ್ದ ನಾನು ನಾಚಿ ತಲೆ ತಗ್ಗಿಸಿದೆ. ತಪ್ಪು ನನ್ನದೇ.

ಜ್ವರ ಬಂದು ಅವಳಿಗೆ ಟೆಸ್ಟ್ ತಪ್ಪಿತ್ತು. ಮತ್ತೆ ಬರೆಯಲು ಬಿಡದಿದ್ದರೆ ಅಂಕಗಳು ಹೋದಂತೆಯೇ. ಮೇಷ್ಟ್ರಿಗೆ ಎರಡು ಸಲ ‘ಸರ್, ಪ್ಲೀಸ್ ಟೆಸ್ಟ್ ಕೊಡಿ’ ಎಂದಷ್ಟೇ ಇಮೇಲ್ ಕಳಿಸಿದ್ದಳು. ಉತ್ತರ ಬಂದಿರಲಿಲ್ಲ.

“ನೀನ್ ಯಾರು ಅಂತ ಬರ್ದಿದೀಯೇನೇ?” ಎಂದು ಕೇಳಿದೆ. ಹೆಸರೂ ಇಲ್ಲ, ತರಗತಿಯೂ ಇಲ್ಲ.

“ನೀನೇ ಹೇಳಜ್ಜಿ, ಇದೇ ಬರ್ಕೊಳ್ಳುತ್ತೆ” ಎಂದು ಫೋನನ್ನು ನನ್ನ ಮುಂದಿಟ್ಟು ಸ್ನಾನಕ್ಕೆ ಹೋದಳು. ಗುಬ್ಬಿಯಲ್ಲಿದ್ದ ನನ್ನ ತವರಿಗೆ ಕಾಗದ ಬರೆಯುತ್ತಿದ್ದ ಹಾಗೆಯೇ ಹೇಳಿದೆ: ಯಾರ ಮಗಳು, ಯಾವ ತರಗತಿ, ಯಾವತ್ತು ಜ್ವರ ಬಂತು, ಏನು ಬೇಕು. ಮನೆಯ ಸುದ್ದಿಯಿಲ್ಲದ ಕಾಗದ ಉಂಟೇ? ಕುಣಿಗಲ್‌ನಲ್ಲಿರುವ ನನ್ನ ತಂಗಿಯ ಎಮ್ಮೆ ಮೇವು ಬಿಟ್ಟಿರುವುದನ್ನೂ ಸೇರಿಸಿದೆ. ಸಿಂಚನ ಬಂದವಳೇ ಮೇಲಿನ ನಾಲ್ಕು ಸಾಲು ನೋಡಿ ಕಳಿಸಿಬಿಟ್ಟಳು.

ಮೇಷ್ಟ್ರ ಉತ್ತರದಲ್ಲಿ ಎಮ್ಮೆಯ ಮಾತಿಗೂ ಮೊದಲು ಇನ್ನೊಂದು ಮಾತಿತ್ತು: ‘ಸೋಮವಾರ ಬಂದು ಟೆಸ್ಟ್ ಬರೆ. ನೀನು ಯಾರೆಂದು ತಿಳಿದದ್ದು ಈ ಇಮೇಲಿನಿಂದಲೇ.’

ಮೇಷ್ಟ್ರ ಎದುರು ಬಾಯಿ ಬಿಡದೆ ಏಳನೇ ತರಗತಿ ಮುಗಿಸಿದವಳು ನಾನು. ಈಗ ಸಿಂಚನಳ ಗೆಳತಿಯರು ಉಪ್ಪಾರಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದು ನನ್ನಿಂದ ಇಮೇಲ್ ಹೇಳಿಸಿಕೊಳ್ಳುತ್ತಾರೆ. ನಾನು ಊರ ಸುದ್ದಿಗೆ ಇಳಿದ ಕೂಡಲೇ ಸಿಂಚನ ಫೋನು ಕಿತ್ತುಕೊಳ್ಳುತ್ತಾಳೆ.