ಅವ್ವನ ನಡಿಗೆಗೊಂದು ನೆಪ

ಎಂಬತ್ತರ ದಶಕದ ಅಫಜಲಪುರದಲ್ಲಿ ಹೆಂಗಸೊಬ್ಬಳು ಸುಮ್ಮನೆ ನಡೆಯುವ ಪದ್ಧತಿ ಇರಲಿಲ್ಲ. ನೀರಿಗೆ ಹೋಗಬಹುದು, ಹೊಲಕ್ಕೆ ಹೋಗಬಹುದು, ಸತ್ತವರ ಮನೆಗೆ ಮಾತನಾಡಿಸಲು ಹೋಗಬಹುದು. ಕೈಯಲ್ಲಿ ಏನೂ ಇಲ್ಲದೆ, ಎಲ್ಲಿಗೂ ಅಲ್ಲದೆ, ಬಿರಬಿರನೆ ಹೋಗಿ ವಾಪಸು ಬರುವುದನ್ನು ಊರು ಕಂಡಿರಲಿಲ್ಲ. ಗುಲಬರ್ಗಾದ ಡಾಕ್ಟರು ಅವ್ವನಿಗೆ ಹೇಳಿದ್ದು ಅದನ್ನೇ.

ಅವ್ವನಿಗೆ ಸಕ್ಕರೆ ಬೇನೆ. ಕಾಲಿನ ಹೆಬ್ಬೆರಳಿಗೆ ಆಗಿದ್ದ ಹುಣ್ಣು ಎಷ್ಟೋ ತಿಂಗಳ ಮೇಲೆ ಆಗತಾನೆ ಮಾಯ್ದಿತ್ತು. "ಇನ್ನೊಮ್ಮಿ ಹುಣ್ಣಾತಂದ್ರ ಬೆರಳು ಉಳಿಯಂಗಿಲ್ಲ. ಗುಳಿಗಿ ನುಂಗ್ರಿ, ಸಿಹಿ ಬಿಡ್ರಿ, ಚಪ್ಪಲ್ ಹಾಕ್ಕೊಂಡು ದಿನಾ ನಡೀರಿ" ಎಂದಿದ್ದರು ಡಾಕ್ಟರು. ಅವ್ವನ ತಾಯಿ ಇದೇ ಬೇನೆಯಲ್ಲಿ ಒಂದು ಪಾದ ಕಳೆದುಕೊಂಡು ಕೊನೆಯವರೆಗೂ ಗೋಡೆ ಹಿಡಿದು ಓಡಾಡಿದವಳು. ಹಾಗಾಗಿ ಅವ್ವ ವಾದ ಮಾಡಲಿಲ್ಲ. ಮರುದಿನವೇ ಹೊರಟಳು.

"ಎಲ್ಲಿಗ್ ಹೊಂಟೀರಿ ಅಕ್ಕಾ?" ಎಂದು ಎದುರುಮನೆಯ ಖಾಲಾ ಕಟ್ಟೆಯ ಮೇಲಿಂದ ಕೇಳಿದರು.

"ಎಲ್ಲಿಗೂ ಇಲ್ರಿ. ಡಾಕ್ಟರು ನಡೀರಿ ಅಂದಾರ."

"ಯಾ ಅಲ್ಲಾ! ಬ್ಯಾನಿ ಇದ್ದವರಿಗಿ ನಡೀರಿ ಅಂತಾರೇನ್ರಿ? ಬರ್ರಿ, ಕುಂದರ್ರಿ, ಚಾ ಕುಡೀರಿ."

ಚಹಾ ಬಂತು. ಸಕ್ಕರೆ ಕಡಿಮೆಯಾದರೆ ಬಂದವರಿಗೆ ಅವಮಾನವೆಂದು ಒಂದು ಚಮಚ ಹೆಚ್ಚೇ ಬಿದ್ದಿತ್ತು. ಅದರ ಜೊತೆ ಮಾಹಿತಿಯೂ ಬಂತು: ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಬೇನೆ ಹೋಗುತ್ತದೆ. ಮುಂದಿನ ಮನೆಯಲ್ಲಿ ಚಹಾ ಮತ್ತು ಬೇವಿನ ಸಲಹೆ. ಅದರಾಚೆಯ ಮನೆಯಲ್ಲಿ ಚಹಾ ಮತ್ತು ಮೆಂತೆ. ಆ ಮನೆಯಾಕೆಯ ಮೈದುನ ಪೇಪರಿನಲ್ಲಿ ಓದಿದ್ದನಂತೆ. ಇನ್ನೊಬ್ಬರು, ಬೆಲ್ಲಕ್ಕೆ ದೋಷವಿಲ್ಲವೆಂದು ಬೆಲ್ಲದ ಚಹಾ ಕೊಟ್ಟರು. ಬೇಡ ಎನ್ನಲು ಅವ್ವನಿಗೆ ಬರುತ್ತಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಸಕ್ಕರೆ ಏರಿತ್ತು. ನಡಿಗೆ ಸಾಲದು, ಇನ್ನೂ ದೂರ ಹೋಗಬೇಕು ಎಂದರು ಡಾಕ್ಟರು.

ಆಗ ಅವ್ವ ತಲೆ ಓಡಿಸಿದಳು. ಊರಾಚೆಯ ಬಸವಣ್ಣನ ಗುಡಿಗೆ ದಿನಾ ಹೋಗುವ ಹರಕೆ ಹೊತ್ತಿದ್ದೇನೆ, ಮನೆಗೆ ತಿರುಗಿ ಬರುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ ಎಂದಳು. ಕಟ್ಟೆಗಳೆಲ್ಲ ಸುಮ್ಮನಾದವು. "ಹರಕಿ ಅಂದ್ರ ಬರಿಗಾಲಾಗ ಅಲ್ಲೇನ್ರಿ?" ಎಂದು ಒಬ್ಬಾಕೆ ತಡೆದು ಕೇಳಿದಳು. "ನಂದು ಚಪ್ಪಲ್ ಸವೆಸೋ ಹರಕಿ ಅದ" ಎಂದಳು ಅವ್ವ. ಅಂಥದೂ ಒಂದು ಇದ್ದೀತೆಂದು ಊರು ಒಪ್ಪಿಕೊಂಡಿತು.

ಹರಕೆ ಯಾತಕ್ಕೆ ಎಂಬ ಪ್ರಶ್ನೆಗೆ ಮಾತ್ರ ಅವಳು ತಯಾರಾಗಿರಲಿಲ್ಲ. ಆ ಹೊತ್ತಿಗೆ ಹೊಳೆದದ್ದು ನಾನು. ಮಗಳಿಗೆ ಗಂಡು ಸಿಗಲಿ ಅಂತ ಎಂದುಬಿಟ್ಟಳು.

ನಾನು ಬಿ.ಎ. ಮುಗಿಸಿ, ಮದುವೆಯ ಆತುರವಿಲ್ಲದೆ ಹಾಯಾಗಿದ್ದೆ. ಈಗ ಇಡೀ ಊರು ನನಗೆ ಗಂಡು ಹುಡುಕತೊಡಗಿತು. ಆಳಂದದಿಂದ ಒಬ್ಬ ಬಂದ, ಖಜೂರಿ ಕಡೆಯಿಂದ ಇನ್ನೊಬ್ಬ ಬಂದ. ಒಬ್ಬನ ಕಿವಿ ದೊಡ್ಡವೆಂದಳು ಅವ್ವ, ಇನ್ನೊಬ್ಬನ ನಗು ಸರಿಯಿಲ್ಲವೆಂದಳು. ಅಪ್ಪ ರೇಗಾಡಿದ. ನನಗೆ ಗುಟ್ಟು ಗೊತ್ತಿತ್ತು: ಗಂಡು ಸಿಕ್ಕರೆ ಹರಕೆ ಮುಗಿಯುತ್ತದೆ, ಹರಕೆ ಮುಗಿದರೆ ಚಹಾ ಶುರುವಾಗುತ್ತದೆ. ಸೀರೆಯುಟ್ಟು ಕಂಡವರ ಮುಂದೆಲ್ಲ ಕೂತು ಏಳುವುದಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸಕ್ಕರೆ ಇಳಿಯುತ್ತಿತ್ತು.

ಆಮೇಲೆ ಜೇವರ್ಗಿಯ ಮಾಸ್ತರೊಬ್ಬರು ನೋಡಲು ಬಂದರು. ಅವರು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಕೇಳಿದಳು: "ಹ್ಯಾಂಗ ಅದಾರ?"

"ಛಲೋ ಅದಾರ ಬೇ" ಎಂದೆ, ಮುಖ ಎತ್ತದೆ.

ಅವ್ವ ತನ್ನ ಹೆಬ್ಬೆರಳನ್ನು ಒಂದು ಗಳಿಗೆ ನೋಡಿದಳು. "ಕಿವಿ ಸಣ್ಣವೇ ಅವ. ಆಗ್ಲಿ ತಗೋ" ಎಂದಳು. ನನಗೆ ಅಳು ಬಂತು. ಅವಳ ಮೇಲೆ ಅಷ್ಟೊಂದು ಪ್ರೀತಿ ಬಂದದ್ದು ಅದೇ ಮೊದಲು.

ಮದುವೆಯಾಯಿತು. ಮೊದಲ ಸಲ ತವರಿಗೆ ಬರುವಾಗ ಬಸ್ಸಿನುದ್ದಕ್ಕೂ ಅವ್ವನ ಕಾಲಿನದೇ ಭಯ. ಇಳಿದು ನೋಡಿದರೆ ಅವ್ವ ಹೊಸ ಚಪ್ಪಲಿ ಮೆಟ್ಟಿಕೊಂಡು ಗುಡಿಯ ಕಡೆಯಿಂದ ಬರುತ್ತಿದ್ದಳು.

"ಈಗೇನ್ ಹರಕಿ ಬೇ?"

"ನಿನಗ ಗಂಡುಮಗ ಆಗ್ಲಿ ಅಂತ."

"ಮದುವಿ ಆಗಿ ಇನ್ನಾ ತಿಂಗಳಾಗಿಲ್ಲ!"

"ಛಲೋನೇ ಆತಲ್ಲ. ಭಾಳ ದಿನಾ ನಡೀಬಹುದು."

ಕೆಲವು ವರ್ಷ ಮಕ್ಕಳಾಗಲಿಲ್ಲ. ಊರಿನ ಹೆಂಗಸರು ನನ್ನನ್ನು ಕಂಡು ಮರುಗುತ್ತಿದ್ದರು. ಅವ್ವನ ಹೆಬ್ಬೆರಳು ಗಟ್ಟಿಯಾಗಿತ್ತು. ಕೊನೆಗೆ ತವರಿನಲ್ಲೇ ಹೆರಿಗೆಯಾಯಿತು, ಹೆಣ್ಣು. ನೋಡಲು ಬಂದವರು ದನಿ ತಗ್ಗಿಸಿ, "ಇರ್ಲಿ ಬಿಡ್ರಿ, ಇಷ್ಟು ನಡೆದೀರಿ, ಮುಂದಿಂದು ಗಂಡಾಗ್ತದ" ಎಂದು ಸಮಾಧಾನ ಹೇಳಿದರು. ಅವ್ವ ತಲೆ ತಗ್ಗಿಸಿ "ಹೌದ್ರಿ, ಇನ್ನಾ ನಡೀಬೇಕು" ಎಂದಳು. ಅವರು ಹೊರಗೆ ಹೋದದ್ದೇ ಬಾಗಿಲು ಮುಂದೆ ಮಾಡಿ, ಕೂಸನ್ನು ಎತ್ತಿ ಎದೆಗವಚಿಕೊಂಡು ಲೊಚಲೊಚನೆ ಮುತ್ತಿಟ್ಟಳು.

"ನನ್ನ ಬಂಗಾರಾ, ನಿಮ್ಮಜ್ಜಿ ಕಾಲು ಉಳಿಸಿದಿ."