ಚರಗದ ದಿನ ತೆರೆದುಳಿದ ಗೇಟು

ಬಾಳೆಹೊಸೂರಿನ ನೇತ್ರಾಳಿಗೆ ಸುಮ್ಮನೆ ತಿರುಗಾಡಲು ಹೋಗುವುದೆಂದರೇನು ಎಂಬುದು ಮೂವತ್ತು ವರ್ಷ ತುಂಬುವವರೆಗೂ ಗೊತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಒಂದು ಕೆಲಸವಿರಬೇಕು. ಲಕ್ಷ್ಮೇಶ್ವರಕ್ಕೆ ಹೋದರೆ ಸಂತೆ, ಹೊಲಕ್ಕೆ ಹೋದರೆ ಕಳೆ, ಗದಗಿಗೆ ಹೋದರೆ ಕಾಲೇಜು. ಅವರ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ಅವಳೇ. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಓದಿದಳು. ಆಮೇಲೆ ಡೋಣಿಯ ಶಿವಯೋಗಿಯ ಜೊತೆ ಶಿರಹಟ್ಟಿಯ ಮಠದಲ್ಲಿ ಮದುವೆಯಾಯಿತು. ಶಿವಯೋಗಿ ಕಪ್ಪತಗುಡ್ಡದ ಸಾಲಿನ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳನ್ನು ದುರಸ್ತಿ ಮಾಡುವ ಮೆಕ್ಯಾನಿಕ್ಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆಕಾಶದಲ್ಲಿ ಕೂತು ಕೆಲಸ ಮಾಡುವವನು.

ಆ ಕೆಲಸವೇ ಅವರನ್ನು ನ್ಯೂಜಿಲೆಂಡಿಗೆ ಒಯ್ದಿತು. ಗುಡ್ಡದ ಯಂತ್ರಗಳು ಬೇರೆ ಕಂಪನಿಯ ಕೈಗೆ ಹೋಗಿ ಹಳೆಯ ಮೆಕ್ಯಾನಿಕ್ಕುಗಳನ್ನೆಲ್ಲ ಬಿಡಿಸಿದಾಗ, ಮೊದಲಿನ ಸಾಹೇಬರೊಬ್ಬರು ಅಲ್ಲಿ ಜಾಗ ಇದೆಯೆಂದು ಹೇಳಿ ಕಳಿಸಿದ್ದರು. ಹೀಗೆ ಶಿವಯೋಗಿ, ನೇತ್ರಾ, ಆರು ವರ್ಷದ ಮಗಳು ಐಶ್ವರ್ಯಾ ಮೂವರೂ ಒಂದು ಸಣ್ಣ ಊರಿಗೆ ಬಂದಿಳಿದರು. ಊರಿನ ಬೆನ್ನಿಗೆ ಹಸಿರು ಗುಡ್ಡ. ಗುಡ್ಡದ ತುಂಬ ಕುರಿ. ಕುರಿಗಳ ನೆತ್ತಿಯ ಮೇಲೆ ತಿರುಗುವ ಬಿಳಿ ರೆಕ್ಕೆಗಳು.

ಭಾನುವಾರದ ತಿರುಗಾಟ ಶುರುವಾದದ್ದು ಶಿವಯೋಗಿಯ ನಾಚಿಕೆಯಿಂದ. ಸೋಮವಾರ ಕೆಲಸಕ್ಕೆ ಹೋದರೆ ಜೊತೆಗಾರರು, ರಜೆಯಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಒಬ್ಬ ಹೊಳೆಯಲ್ಲಿ ದೋಣಿ ನಡೆಸಿರುತ್ತಿದ್ದ, ಇನ್ನೊಬ್ಬ ಗುಡ್ಡ ಹತ್ತಿರುತ್ತಿದ್ದ.

“ನಾ ಏನಂತ ಹೇಳ್ಲಿ? ಅರಬಿ ಒಗದೆ, ಉಂಡೆ, ಮಲಗಿದೆ ಅಂತ ಎಷ್ಟ ವಾರ ಹೇಳ್ಲಿ?” ಎಂದ ಶಿವಯೋಗಿ.

“ಖರೇನ ಅದನ್ನ ಮಾಡೀರಲ್ಲ,” ಎಂದಳು ನೇತ್ರಾ.

ಮುಂದಿನ ಭಾನುವಾರ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಟರು. ಒಂದು ತಾಸು ಗುಡ್ಡ ಹತ್ತಿದ ಮೇಲೆ ತುದಿಯಲ್ಲಿ ಒಂದು ಬೆಂಚು ಸಿಕ್ಕಿತು. ಜನ ಬರುತ್ತಿದ್ದರು, ನಿಂತು ನೋಡುತ್ತಿದ್ದರು, ಇಳಿಯುತ್ತಿದ್ದರು. ಯಾರ ಕೈಯಲ್ಲೂ ಸೌದೆಯಿಲ್ಲ, ಸೊಪ್ಪಿಲ್ಲ.

“ಇಷ್ಟ ಹತ್ತಿ ಬಂದು ಇವರು ಏನ ಒಯ್ತಾರ್ರಿ?”

“ಗಾಳಿ,” ಎಂದ ಶಿವಯೋಗಿ. “ಡೋಣ್ಯಾಗ ಪುಕ್ಕಟೆ ಸಿಗ್ತಿತ್ತು. ಇಲ್ಲಿ ಹತ್ತಿ ಬಂದು ಕುಡೀಬೇಕು.”

ಪಕ್ಕದಲ್ಲಿ ಕೂತವರನ್ನು ಬಿಟ್ಟು ಉಣ್ಣಲು ನೇತ್ರಾಳಿಗೆ ಮನಸ್ಸು ಬರಲಿಲ್ಲ. ಹೊಲದಲ್ಲಿ ಬುತ್ತಿ ಬಿಚ್ಚಿದರೆ ನೆರೆಹೊಲದವರನ್ನು ಕೂಗಿ ಕರೆಯಬೇಕು, ಅದು ರೂಢಿ. ಬೆಂಚಿನ ಮುದುಕಿಯ ಕೈಗೆ ಒಂದು ರೊಟ್ಟಿಯ ಮೇಲೆ ಹಿಂಡಿ ಇಟ್ಟು ಕೊಟ್ಟಳು. ಮುದುಕಿ ಬಾಯಿಗಿಟ್ಟುಕೊಂಡು ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಮತ್ತೆ ತಿಂದಳು. ಆಕೆಯ ಜೊತೆಗಿದ್ದ ಮೊಮ್ಮಗಳು ಅದನ್ನು ನೋಡಿ ನಕ್ಕಳು. ಐಶ್ವರ್ಯಾ ಕೂಡ ನಕ್ಕಳು.

ಆ ನಗುವೇ ನೇತ್ರಾಳನ್ನು ಭಾನುವಾರಗಳಿಗೆ ಕಟ್ಟಿಹಾಕಿತು. ಯಾಕೆಂದರೆ ಐಶ್ವರ್ಯಾ ಶಾಲೆಗೆ ಸೇರಿದಾಗಿನಿಂದ ಅಲ್ಲಿ ಒಂದು ಮಾತೂ ಆಡಿರಲಿಲ್ಲ. ಕರೆದರೆ ತಲೆ ತಗ್ಗಿಸುತ್ತಿದ್ದಳು. ಶಿಕ್ಷಕಿ ಎರಡು ಸಲ ತಂದೆತಾಯಿಯನ್ನು ಕರೆಸಿದ್ದರು. ಗುಡ್ಡದ ಮೇಲೆ ನಕ್ಕ ಆ ಮೊಮ್ಮಗಳು ಅದೇ ಶಾಲೆಯವಳೆಂದು ಆಮೇಲೆ ತಿಳಿಯಿತು. ವಾರ ವಾರ ಎರಡೂ ಮನೆಯವರು ಅಲ್ಲಿ ಸಿಗತೊಡಗಿದರು. ಮೊದಲು ಗುಡ್ಡದ ಮೇಲೆ, ಆಮೇಲೆ ಸಮುದ್ರದ ದಂಡೆಯಲ್ಲಿ, ಕೊನೆಗೆ ತರಗತಿಯಲ್ಲಿ ಮಗುವಿಗೆ ಮಾತು ಬಂತು. ನೇತ್ರಾಳ ಪಾಲಿಗೆ ಆ ದೇಶ ಅಂದಿನಿಂದ ಪರದೇಶವಾಗಿ ಉಳಿಯಲಿಲ್ಲ.

ಆದರೆ ಕಾಲೂರಿ ನಿಲ್ಲುವುದು ಅವರ ಕೈಯಲ್ಲಿರಲಿಲ್ಲ. ಶಿವಯೋಗಿಯದು ತಾತ್ಕಾಲಿಕ ಪರವಾನಗಿ. ಮೂರನೆಯ ವರ್ಷ ಕಂಪನಿಯವರು ಶಿಫಾರಸು ಮಾಡಿದರೆ ಕಾಯಂ ಇರಬಹುದು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಡೋಣಿಗೆ ಮರಳಿದರೆ ಕಪ್ಪತಗುಡ್ಡದಲ್ಲಿ ಕೆಲಸ ಕಾದಿರಲಿಲ್ಲ. ಈಗಷ್ಟೇ ಬಾಯಿ ಬಿಟ್ಟ ಮಗುವನ್ನು ಮತ್ತೆ ಬೇರು ಸಮೇತ ಕೀಳಬೇಕಲ್ಲ ಎಂಬುದೇ ನೇತ್ರಾಳ ಎದೆಯೊಳಗಿನ ಭಯ.

ಆ ಮೂರನೆಯ ವರ್ಷವೇ ಅತ್ತೆ ಸಿದ್ದಲಿಂಗವ್ವ ಕೆಲವು ತಿಂಗಳ ಮಟ್ಟಿಗೆ ಬಂದರು. ಡೋಣಿಯ ಹೊಲವನ್ನು ಹಿರಿಯ ಮಗ ಸಿದ್ದಾರೂಢನಿಗೆ ಒಪ್ಪಿಸಿ, ಕೈಚೀಲದ ತುಂಬ ಗುರೆಳ್ಳು ತುಂಬಿಕೊಂಡು ಹೊರಟಿದ್ದರು. ಗುರೆಳ್ಳನ್ನು ವಿಮಾನ ನಿಲ್ದಾಣದಲ್ಲೇ ಕಸಿದುಕೊಂಡರು. “ಒಂದ ಕಾಳ ಒಳಗ ಬಿಡೂದಿಲ್ಲಂತ, ಇಷ್ಟ ಜ್ವಾಪಾನ ಮಾಡೋ ಮಂದಿ ಚಲೋ ಒಕ್ಕಲಿಗರ ಇರಬೇಕು,” ಎಂದು ಅದಕ್ಕೂ ಮೆಚ್ಚಿಕೊಂಡರು.

ಭಾನುವಾರ ಅವರನ್ನೂ ಗುಡ್ಡಕ್ಕೆ ಕರೆದೊಯ್ದರು. ಅಲ್ಲಿ ಆಗ ವಸಂತ. ಕುರಿಗಳು ಮರಿ ಹಾಕುವ ಕಾಲ. ಸಿದ್ದಲಿಂಗವ್ವ ಸೆರಗು ಬಿಗಿದುಕೊಂಡು ಗಾಳಿಗೆ ಎದುರು ನಿಂತು ಬಹಳ ಹೊತ್ತು ನೋಡಿದರು.

“ಬಸರಿ ಹೆಣ್ಣಮಗಳಂಗ ಕುಂತೈತಿ ಭೂಮಿ. ಇದರ ಬಯಕಿ ತೀರಸೋರು ಯಾರೂ ಇಲ್ಲೇನ?”

ಮುಂದಿನ ವಾರ ಶೀಗಿ ಹುಣ್ಣಿಮೆ. ಊರಲ್ಲಾದರೆ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಗರ್ಭಿಣಿ ಭೂಮಿತಾಯಿಗೆ ಅಡುಗೆಯನ್ನೆಲ್ಲ ಕಲಸಿ ಎರಚಿ ಬರುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮುಂದಿನವರು ಅನ್ನ ಎರಚುತ್ತ ನಡೆದರೆ ಕೊನೆಯವರು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂಬಾಲಿಸಬೇಕು. ಸಿದ್ದಲಿಂಗವ್ವನ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಚೆಲ್ಲಲು ಶುರುಮಾಡಿದವರು ಹೊಲದ ಸುತ್ತು ಮುಗಿಯುವವರೆಗೆ ಹಿಂದೆ ತಿರುಗಿ ನೋಡಬಾರದು. ಉಣ್ಣಲು ಬಂದ ಭೂಮಿತಾಯಿ ನಾಚಿ ಎದ್ದು ಹೋಗುತ್ತಾಳೆ ಎಂದು.

ಶಿವಯೋಗಿ ಮೊದಲು ಒಪ್ಪಲಿಲ್ಲ. “ಅದು ಮಂದಿ ಹೊಲಾ ಯವ್ವಾ. ದಾರಿ ಹಿಡಿದ ಅಡ್ಡಾಡಾಕಷ್ಟ ಬಿಟ್ಟಾರ.”

“ನಾವೇನ ಕಳವು ಮಾಡಾಕ ಹೊಂಟೇವಿ? ಕೊಡಾಕ ಹೊಂಟೇವಿ.”

ತಾಯಿಯ ಮಾತಿಗೆ ಮಗ ಸೋತ. ಒಂದು ಸಣ್ಣ ಬುಟ್ಟಿಯಷ್ಟೇ ಚೆಲ್ಲುವುದೆಂದು ಮಾತಾಯಿತು. ಭಾನುವಾರ ಬೆಳಿಗ್ಗೆ ಕಡುಬು, ಅನ್ನ, ಪಲ್ಲೆ ಕಲಸಿಕೊಂಡು ಗಾಳಿಯಂತ್ರಗಳ ಕೆಳಗಿನ ಹುಲ್ಲುಗಾವಲಿಗೆ ಹೋದರು. ಶಿವಯೋಗಿ ಮೇಲಿನ ಗೇಟು ತೆಗೆದ. ಮುಂದೆ ಬುಟ್ಟಿ ಹಿಡಿದ ಅವನು, ನಡುವೆ ಅಜ್ಜಿ ಮೊಮ್ಮಗಳು, ಕೊನೆಗೆ ತಂಬಿಗೆ ಹಿಡಿದ ನೇತ್ರಾ.

“ಹುಲ್ಲುಲಿಗೋ… ಚಲ್ಲಾಂಬ್ರಿಗೋ…” ಎಂದು ಸಿದ್ದಲಿಂಗವ್ವ ಚರಗದ ಕೂಗು ಹಾಕಿದರು. ಡೋಣಿಯ ಎರೆಹೊಲದ ಕೂಗು ಆ ತಣ್ಣನೆಯ ಗಾಳಿಯಲ್ಲಿ ತೇಲಿಹೋಯಿತು. ಐಶ್ವರ್ಯಾ ಇನ್ನೂ ಜೋರಾಗಿ ಕೂಗಿದಳು.

ಒಳಗೆ ಬಂದವರಲ್ಲಿ ಕೊನೆಯವರು ಗೇಟು ಹಾಕಬೇಕು. ಅದು ಆ ದೇಶದಲ್ಲಿ ಎಲ್ಲರೂ ಪಾಲಿಸುವ ನಿಯಮ. ಎಲ್ಲ ಗೇಟಿನ ಮೇಲೂ ಬರೆದಿರುತ್ತದೆ, ಈ ಮೂರು ವರ್ಷ ನೇತ್ರಾ ಒಂದು ಸಲವೂ ಮರೆತಿರಲಿಲ್ಲ. ಅಂದೂ ಮರೆಯಲಿಲ್ಲ. ತಂಬಿಗೆ ಹಿಡಿದಿದ್ದರಿಂದ, ತಿರುಗದೆ, ಹಿಮ್ಮಡಿಯಿಂದ ಗೇಟನ್ನು ತಳ್ಳಿದಳು. ಠಣ್ಣೆಂದು ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಿರ್ರ್ ಎಂಬ ಸದ್ದು ಕೇಳಿತು. ಅವಳ ಕುತ್ತಿಗೆ ಅರ್ಧ ತಿರುಗಿತ್ತು.

“ಹಿಂದ ನೋಡಬ್ಯಾಡವಾ,” ಎಂದರು ಮುಂದಿನಿಂದ ಅತ್ತೆ.

ನೇತ್ರಾ ನೋಡಲಿಲ್ಲ. ಬೇಲಿಗುಂಟ ಸುತ್ತಿ, ಆ ಕಡೆಯ ಚಿಕ್ಕ ಗೇಟಿನಿಂದ ಹೊರಬಿದ್ದು, ಕಾರಿನ ಹತ್ತಿರ ಕೂತು ಉಂಡರು. ಅಷ್ಟು ಸಂತೋಷದ ಊಟವನ್ನು ಆ ದೇಶದಲ್ಲಿ ಅವರು ಅದುವರೆಗೆ ಉಂಡಿರಲಿಲ್ಲ.

ಮರುದಿನ ಸಂಜೆ ಶಿವಯೋಗಿ ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ನಿನ್ನೆ ಕುರಿ ಹೊರಗ ಬಿದ್ದಾವಂತ. ಮೇಲಿನ ಗೇಟ ತೆರದಿತ್ತಂತ. ರಸ್ತಾದಾಗ ಹಾಲಿನ ಟ್ಯಾಂಕರಿಗೆ ಸಿಕ್ಕು ಮರಿ ಹಾಕಿದ ಕುರಿ ಎರಡು ಸತ್ತಾವು.”

ನೇತ್ರಾಳ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು.

“ಯಾರ ಮ್ಯಾಲ ಅನುಮಾನ?” ಎಂದಳು.

“ಶನಿವಾರ ಅಲ್ಲಿ ಕೆಲಸಕ್ಕ ಹೋದಾವ ನಮ್ಮ ಫಿಲಿಪ್ಪೀನ್ಸ್ ಹುಡುಗ. ಅವನ ಬಿಟ್ಟಾನಂತ ಸಾಹೇಬ ಕೇಳಾಕತ್ತಾನ. ನಾ ಹಾಕೇನಿ ಹಾಕೇನಿ ಅಂತಾನ ಅವ. ಅವಂದೂ ನಮ್ಮಂಗ ಪರವಾನಗಿ. ಅವಗೂ ಮಕ್ಕಳದಾವು.”

“ಅವ ಹಾಕಿದ್ದು ಖರೆ. ನಾ ಬಿಟ್ಟೀನ್ರಿ. ಕಿರ್ ಅಂದದ್ದು ಕೇಳಿತ್ತು. ಕೇಳಿನೂ ಬಿಟ್ಟೆ.”

ಶಿವಯೋಗಿ ಕುರ್ಚಿ ಎಳೆದುಕೊಂಡು ಕೂತ. “ಶಿಫಾರಸು ಮುಂದಿನ ವಾರ,” ಎಂದ. “ಈ ಒಂದ ವಾರ ಬಾಯಿ ಮುಚ್ಚಿಕೊಂಡ ಕುಂತ್ರ…”

“ಕುಂತ್ರ ಆ ಹುಡುಗಾ ಊರಿಗೆ ಹೋಕ್ಕಾನ,” ಎಂದರು ಸಿದ್ದಲಿಂಗವ್ವ. ಅವರು ಅದುವರೆಗೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. “ನಿಮ್ಮಪ್ಪ ಇದ್ದಾಗ ನಮ್ಮ ಎತ್ತು ಮಹಬೂಬಸಾಬನ ಕಡ್ಲಿ ಹೊಲಾ ಮೇದಿತ್ತು, ನೆನಪೈತೇನ? ಅವ ನಮ್ಮ ಮನಿಗೆ ಬರೂಕಿಂತ ಮೊದಲ ನಿಮ್ಮಪ್ಪ ಅವರ ಕಟ್ಟಿ ಮ್ಯಾಲ ಹೋಗಿ ಕುಂತಿದ್ದ. ಹೊಲದಾವ ನಮ್ಮ ಬಾಗಲಕ ಬರಬಾರದೋ, ನಾವ ಅವನ ಬಾಗಲಕ ಹೋಗಬೇಕು.”

“ಆ ಮಾತು ಡೋಣ್ಯಾಗ ಯವ್ವಾ. ಇಲ್ಲಿ ಹಂಗ ನಡಿಯೂದಿಲ್ಲ.”

“ಕುರಿ ಎಲ್ಲಿ ಸತ್ರೂ ಕುರಿನ. ತಿರುಗಬ್ಯಾಡ ಅಂದಾಕಿ ನಾನು. ನಾನೂ ಬರ್ತೀನಿ.”

ಶಿವಯೋಗಿ ಹೆಂಡತಿಯ ಮುಖ ನೋಡಿದ. ನೇತ್ರಾ ಒಳಗೆ ಆಡುತ್ತಿದ್ದ ಮಗಳ ದನಿ ಕೇಳುತ್ತಿದ್ದಳು. ಐಶ್ವರ್ಯಾ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಚರಗದ ಕೂಗು ಹಾಕುತ್ತಿದ್ದಳು. ಆ ದನಿ ಮತ್ತೆ ಅಡಗಿಹೋದೀತೆಂದು ಹೆದರಿದಳು. ಇನ್ನೊಂದು ಮನೆಯ ಮಕ್ಕಳ ದನಿ ಅಡಗಿಸಿ ಇದನ್ನು ಉಳಿಸಿಕೊಳ್ಳುವುದೂ ಆಗದು ಎನ್ನಿಸಿತು.

“ನಡೀರಿ,” ಎಂದು ಕೈ ತೊಳೆದುಕೊಂಡಳು.

ಹೊಲದ ಯಜಮಾನ ಎಪ್ಪತ್ತರ ಮುದುಕ. ಕೊಟ್ಟಿಗೆಯ ಮುಂದೆ ರಬ್ಬರ್ ಬೂಟು ತೊಳೆಯುತ್ತಿದ್ದ. ನೇತ್ರಾ ಗದಗಿನ ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ನಿಧಾನವಾಗಿ ಜೋಡಿಸಿ, ಗೇಟು ತಾನೇ ಬಿಟ್ಟದ್ದು, ಅದು ತೆರೆದ ಸದ್ದು ಕೇಳಿಯೂ ತಿರುಗಲಿಲ್ಲ ಎಂದು ಹೇಳಿದಳು. ಭೂಮಿಗೆ ಉಣಿಸಲು ಬಂದಿದ್ದೆವು, ಹಿಂದೆ ನೋಡಬಾರದೆಂಬ ಕಟ್ಟಳೆಯಿತ್ತು ಎಂದೂ ಹೇಳಿದಳು.

ಮುದುಕ ನಗಲಿಲ್ಲ, ಸಿಟ್ಟಿನಿಂದ ಕೂಗಲೂ ಇಲ್ಲ. ನೀರಿನ ನಲ್ಲಿ ಬಂದ್ ಮಾಡಿದ.

“ಉಣಿಸಿದ್ದು ಸರಿ. ಸದ್ದು ಕೇಳಿಯೂ ತಿರುಗಲಿಲ್ಲ ಅಂದೆಯಲ್ಲ, ಅದು ನನಗೆ ಅರ್ಥವಾಗುವುದಿಲ್ಲ,” ಎಂದ.

ಆ ಮಾತು ಕೊನೆಯತನಕ ನೇತ್ರಾಳ ಜೊತೆ ಉಳಿಯಿತು. ಸಿದ್ದಲಿಂಗವ್ವ ಇಂಗ್ಲಿಷ್ ತಿಳಿಯದೆ ಕೈಮುಗಿದು ನಿಂತಿದ್ದರು.

ಕೊಟ್ಟಿಗೆಯೊಳಗೆ ತಾಯಿ ಸತ್ತ ಮರಿಗಳು ಅರಚುತ್ತಿದ್ದವು. ಮುದುಕ ಹಾಲಿನ ಬಾಟಲಿ ಎತ್ತಿಕೊಂಡು ಒಳಗೆ ಹೋದ. ನೇತ್ರಾ ಕೇಳದೆಯೇ ಹಿಂದೆ ಹೋಗಿ, ಇನ್ನೊಂದು ಬಾಟಲಿ ಎತ್ತಿಕೊಂಡು ಒಂದು ಮರಿಯ ಬಾಯಿಗಿಟ್ಟಳು. ಹೊರಡುವಾಗ ಮುದುಕ ಹೇಳಿದ್ದು ಇಷ್ಟೇ: “ಕಂಪನಿಗೆ ನಾನು ಹೇಳುವುದಿಲ್ಲ. ನೀವೇ ಹೇಳಿ. ಮರಿಗಳಿಗೆ ಬೆಳಿಗ್ಗೆ ಆರಕ್ಕೆ ಹಾಲು.”

ಶಿವಯೋಗಿ ಕಂಪನಿಗೆ ಹೇಳಿದ. ಜೊತೆಗಾರನ ಮೇಲಿನ ಅನುಮಾನ ಹೋಯಿತು. ಶಿವಯೋಗಿಯ ಶಿಫಾರಸು ಒಂದು ವರ್ಷ ಮುಂದಕ್ಕೆ ಹೋಯಿತು. ಮತ್ತೊಂದು ತಪ್ಪು ನಡೆದರೆ ಕೆಲಸವೇ ಇಲ್ಲವೆಂದರು. ಕೆಲಸದ ಹೊತ್ತಲ್ಲದೆ ಶಿವಯೋಗಿ, ಯಾವ ಹೊತ್ತಿಗೂ ಮನೆಮಂದಿ ಆ ಹುಲ್ಲುಗಾವಲಿಗೆ ಕಾಲಿಡಬಾರದೆಂದರು. ಮುದುಕನ ಕೊಟ್ಟಿಗೆ ಬೇಲಿಯ ಈಚೆಗಿತ್ತು. ಮರಿಗಳು ಹುಲ್ಲು ಮೇಯುವವರೆಗೆ ನೇತ್ರಾ ಬೆಳಿಗ್ಗೆ ಸಂಜೆ ಹೋಗಿ ಹಾಲು ಕುಡಿಸಿದಳು. ಮುದುಕ ದಿನಾ ಒಂದೆರಡು ಮಾತಾಡುತ್ತಿದ್ದ, ಹೆಚ್ಚಾಗಿ ಮಳೆಯದು. ಒಂದು ದಿನ ಮರಿಗಳನ್ನೂ ಮಂದೆಯ ಜೊತೆ ಮಾರಾಟಕ್ಕೆ ಲಾರಿ ಏರಿಸಿ ಕಳಿಸಿದ. ಐಶ್ವರ್ಯಾ ಅತ್ತಳು. ಊರಿಗೆ ಮರಳಲು ಗಂಟು ಕಟ್ಟುತ್ತಿದ್ದ ಅಜ್ಜಿ, “ಒಕ್ಕಲುತನ ಅಂದ್ರ ಇದ ತಂಗಿ,” ಎಂದು ಅವಳ ಮೂಗು ಒರೆಸಿದರು.

ಆ ಒಂದು ವರ್ಷ ಅವರು ಭಾನುವಾರ ಬಿಡಲಿಲ್ಲ. ಸಮುದ್ರಕ್ಕೆ, ಕೆರೆಗೆ, ಬೇರೆ ಗುಡ್ಡಗಳಿಗೆ ಹೋದರು. ಆದರೆ ಪ್ರತಿ ಗೇಟಿನಲ್ಲೂ ನೇತ್ರಾ ಕೊಂಡಿ ಹಾಕಿ, ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ನೋಡುತ್ತಿದ್ದಳು. ಶಿವಯೋಗಿ ಮೊದಮೊದಲು ಚೇಷ್ಟೆ ಮಾಡುತ್ತಿದ್ದ. ಆಮೇಲೆ ಅವಳು ಬರುವವರೆಗೆ ಸುಮ್ಮನೆ ನಿಲ್ಲತೊಡಗಿದ. ವರ್ಷ ತುಂಬಿದಾಗ ಶಿಫಾರಸು ಬಂತು.

ಕಾಯಂ ಪರವಾನಗಿ ಸಿಕ್ಕ ಮೇಲೆ ಮೊದಲ ಸಲ ಊರಿಗೆ ಬಂದದ್ದು ಹೋದ ವರ್ಷದ ಶೀಗಿ ಹುಣ್ಣಿಮೆಗೆ. ಮುಂಡರಗಿಯಲ್ಲಿ ಬಸ್ಸಿಳಿದಾಗಲೇ ಐಶ್ವರ್ಯಾ ಗುಡ್ಡದ ಮೇಲಿನ ರೆಕ್ಕೆಗಳನ್ನು ಕಂಡು ಕುಣಿದಳು. ಡೋಣಿಯ ಹೊಲದಲ್ಲಿ ಸಿದ್ದಾರೂಢ ಬುಟ್ಟಿ ಹಿಡಿದು ಮುಂದೆ ನಡೆದ. ಉಣ್ಣಲು ಕರೆಸಿಕೊಂಡಿದ್ದ ನೆರೆಹೊಲದ ಮಹಬೂಬಸಾಬ ಬದುವಿನ ಮೇಲೆ ಕೂತು ನೋಡುತ್ತಿದ್ದ. ಕೊನೆಗೆ ತಂಬಿಗೆ ಹಿಡಿದವಳು ನೇತ್ರಾ.

ಹೊಲದೊಳಗೆ ಹತ್ತು ಹೆಜ್ಜೆ ಹೋದವಳೇ ತಟ್ಟನೆ ನಿಂತು ಹಿಂದೆ ತಿರುಗಿ ನೋಡಿದಳು. ಅಲ್ಲಿ ಗೇಟಿರಲಿಲ್ಲ, ಬೇಲಿಯೂ ಇರಲಿಲ್ಲ. ಬಂಡಿದಾರಿ, ಅದರಾಚೆ ಎರೆಭೂಮಿ, ಅಷ್ಟೇ.

“ಯಾಕವಾ, ಏನರ ಬಿತ್ತೇನ?” ಎಂದು ಮಹಬೂಬಸಾಬ ಕೂಗಿದ.

“ಅಯ್ಯ, ತಿರುಗಿ ನೋಡಿಬಿಟ್ಟಳಲ್ಲ!” ಎಂದ ಸಿದ್ದಾರೂಢ. “ಪರದೇಶಕ್ಕ ಹೋಗಿ ಪದ್ಧತಿನ ಮರತಾಳ ನೋಡ.”

ನೇತ್ರಾ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು. ಸಿದ್ದಲಿಂಗವ್ವ ಸಾಲಿನಿಂದ ಹೊರಗೆ ಬಂದು, ಸೊಸೆಯ ಹತ್ತಿರ ಹೋದರು. ಅವರೂ ಒಮ್ಮೆ ಹಿಂದೆ ತಿರುಗಿ ಆ ಬರಿದಾದ ದಾರಿಯನ್ನು ನೋಡಿದರು.

“ಏನೂ ಇಲ್ಲವಾ,” ಎಂದರು ಮೆಲ್ಲಗೆ. “ನಡಿ. ನೀರ ಚಿಮಕಸು.”